ಉದಾಹರಣೆಗೆ: ಜಂ.

ಶಶಿರೇಖಾಳ ಗುಣ ಹೇಳಬೇಕೆಂದರೆ ಅಕ್ಕಿಯ ಭಾಷೆಯಲ್ಲೇ ಹೇಳಬೇಕು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಕುರುಗೋಡಿನ ಪಡಸಾಲೆಯಲ್ಲಿ ಕೂತು, ಉಪ್ಪಿಟ್ಟಿನ ತಟ್ಟೆಯ ಮೇಲಿಂದ ಅವಳನ್ನು ಮೊದಲ ಸಲ ನೋಡಿದ ಜಂಬುನಾಥನಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಕಾಳು ಸಣ್ಣದು, ಆದರೆ ಗಟ್ಟಿ. ಪಾಲಿಶ್ ಹೊಡೆದಿಲ್ಲ, ಹೊಳಪು ಇದ್ದದ್ದೇ ಅಷ್ಟು. ತೇವವಿಲ್ಲ (ಮಾತು ಮಾತಿಗೆ ಕಣ್ಣೀರು ಹಾಕುವವಳಲ್ಲ). ನುಚ್ಚಿಲ್ಲ (ಅರ್ಧ ಮಾತು ಆಡುವವಳಲ್ಲ, ಆಡಿದರೆ ಇಡೀ ಮಾತು, ಅದೂ ನೆತ್ತಿಗೆ). ಬೇಯಲು ತುಸು ಹೊತ್ತು ಹಿಡಿಯುತ್ತದೆ. ಇಟ್ಟಷ್ಟು ದಿನ ಹಳತಾಗಿ ರುಚಿ ಏರುವ ಮಾಲು. ಹೀಗೆಂದು ಆ ದಿನವೇ ಮನಸ್ಸಿನಲ್ಲಿ ಷರಾ ಬರೆದುಕೊಂಡು, ಉಪ್ಪಿಟ್ಟು ಮುಗಿಸಿ, "ಆಗಬಹುದು" ಅಂದಿದ್ದ.

ಹುಡುಗಿ ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ, ಇನ್ನೊಂದು ವರ್ಷ ಉಳಿದಿದೆ ಎಂದು ಆಗ ಯಾರೋ ಹೇಳಿದ್ದರು. ಚೀಲದ ಮೇಲಿನ ಅಚ್ಚನ್ನು ಯಾರಾದರೂ ಓದುತ್ತಾರೆಯೇ? ಅವನೂ ಓದಲಿಲ್ಲ.

ಜಂಬುನಾಥನದು ಅಕ್ಕಿ ವ್ಯಾಪಾರ. ಸಿರುಗುಪ್ಪದ ಮಿಲ್ಲುಗಳಿಂದ ಮಾಲು ತರುವುದು, ಬಳ್ಳಾರಿಯಲ್ಲಿ ಮಾರುವುದು, ಸಂಜೆ ಸತ್ಯನಾರಾಯಣಪೇಟೆಯ ಮನೆಗೆ ಬಂದು ಟಿವಿಯ ಸುದ್ದಿಯನ್ನು ಓಣಿಗೆಲ್ಲ ಕೇಳಿಸುವುದು. ಅವನ ವಿದ್ಯೆಯೆಲ್ಲ ಒಂದು ಗೇಣುದ್ದದ, ಚೂಪು ಮೂತಿಯ ಕಬ್ಬಿಣದ ಕೊಳವೆಯಲ್ಲಿ ಅಡಗಿತ್ತು. ಅದನ್ನು ಚೀಲಕ್ಕೆ ಮೇಲೊಮ್ಮೆ, ನಡುವೊಮ್ಮೆ, ತಳಕ್ಕೊಮ್ಮೆ ಚುಚ್ಚಿ, ಅಂಗೈಗೆ ಬಿದ್ದ ಕಾಳು ನೋಡುವುದು. ಮೂರು ಕಡೆಯೂ ಒಂದೇ ಕಾಳು ಬಂದರೆ ಚೀಲ ಪಾಸ್. ಬೇರೆ ಬೇರೆ ಬಂದರೆ ಕಲಬೆರಕೆ. ಲಾರಿ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್. ಮೂವತ್ತು ವರ್ಷದಲ್ಲಿ ಈ ಕೊಳವೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಹೀಗಾಗಿ ಪ್ರಪಂಚದಲ್ಲಿ ಯಾವುದನ್ನೂ ಪೂರ್ತಿ ನೋಡುವ ಅಗತ್ಯವಿಲ್ಲವೆಂಬ ತತ್ವಜ್ಞಾನಕ್ಕೆ ಅವನು ಬಂದು ಮುಟ್ಟಿದ್ದ. ಮದುವೆಯ ಆಮಂತ್ರಣ, ಡಾಕ್ಟರ ಚೀಟಿ, ಹೆಂಡತಿಯ ಮಾತು, ಎಲ್ಲವನ್ನೂ ಮೂರು ಕಡೆ ಚುಚ್ಚಿ ನೋಡುತ್ತಿದ್ದ.

ಹೀಗೆ ಸುಖವಾಗಿದ್ದವನ ಮನೆಗೆ ಸಾಹಿತ್ಯ ನುಗ್ಗಿತು.

ಶಶಿರೇಖಾ ತನ್ನ ನಲವತ್ತನಾಲ್ಕನೇ ವಯಸ್ಸಿನಲ್ಲಿ ದೂರಶಿಕ್ಷಣದಲ್ಲಿ ಮತ್ತೆ ಬಿ.ಎ.ಗೆ ಸೇರಿ, ಎರಡು ವರ್ಷ ಸದ್ದಿಲ್ಲದೆ ದಾಟಿ, ಕೊನೆಯ ವರ್ಷದ ಕಾದಂಬರಿ ಪತ್ರಿಕೆಗೆ ಬಂದು ನಿಂತಿದ್ದಳು. ಭಾನುವಾರದ ತರಗತಿ ತೆಗೆದುಕೊಳ್ಳುವ ನಂದಿನಿ ಮೇಡಂ ಅವಳಿಗೆ ಕೊಟ್ಟ ಸೆಮಿನಾರಿನ ವಿಷಯ: 'ಕಾದಂಬರಿ ಓದಲು ಬೇಕಾದ ಹನ್ನೆರಡು ಪಾರಿಭಾಷಿಕ ಪದಗಳು, ಉದಾಹರಣೆ ಸಹಿತ'. ಎದ್ದು ನಿಂತು ಹದಿನೈದು ನಿಮಿಷ ಮಾತಾಡಬೇಕು. ಇಪ್ಪತ್ತು ಅಂಕ. ಸೆಮಿನಾರು ಕೆಟ್ಟರೆ ಈ ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ. ಮದುವೆಯಾಗಿ ಒಮ್ಮೆ ಇದೇ ಮೂರನೇ ವರ್ಷದ ಹೊಸ್ತಿಲಲ್ಲಿ ಓದು ಬಿಟ್ಟವಳು ಅವಳು. ಎರಡನೇ ಸಲ ಬಿಟ್ಟರೆ ಮೂರನೇ ಸಲ ಸೇರುವ ಮನಸ್ಸು ಇರುತ್ತದೆಯೆಂಬ ಭರವಸೆ ಅವಳಿಗೇ ಇರಲಿಲ್ಲ.

ಆದ್ದರಿಂದ ಎರಡು ತಿಂಗಳಿಂದ ಆ ಮನೆಯಲ್ಲಿ ಏನೇ ಆದರೂ ಅದಕ್ಕೊಂದು ಪಾರಿಭಾಷಿಕ ಪದ ಅಂಟುತ್ತಿತ್ತು.

"ಸಾರಿನ್ಯಾಗ ಉಪ್ಪಿಲ್ಲ," ಎಂದ ಒಂದು ದಿನ ಜಂಬುನಾಥ.

"ಅದು ಮುನ್ಸೂಚನೆ ರೀ."

"ಎದರದು?"

"ಪಲ್ಯದಾಗ ಎರಡು ಸಲ ಬಿದ್ದೈತಿ. ಮುಂದ ಬರತೈತಿ, ತಡೀರಿ."

ಇನ್ನೊಂದು ದಿನ ಸಿರುಗುಪ್ಪದಿಂದ ಬಂದವನು ಚಪ್ಪಲಿ ಬಿಡುವಷ್ಟರಲ್ಲೇ ಶುರುಮಾಡಿದ. ಡ್ರೈವರ್ ತಡ ಮಾಡಿದ, ಹಮಾಲರು ಬರಲಿಲ್ಲ, ಮಿಲ್ಲಿನವರು ಫೋನ್ ಎತ್ತಲಿಲ್ಲ, ಇಡೀ ಜಗತ್ತಿನಲ್ಲಿ ತಾನೊಬ್ಬನೇ ಹೊತ್ತಿಗೆ ಸರಿಯಾಗಿದ್ದೆ.

ಶಶಿರೇಖಾ ಪೆನ್ಸಿಲ್ ಕಚ್ಚುತ್ತ ಕೇಳಿದಳು. "ರೀ, ಇದನ್ನ ನೀವು ಉತ್ತಮ ಪುರುಷದಾಗ ಹೇಳಾಕತ್ತೀರಿ. ಅದಕ ನೀವೊಬ್ರೇ ಒಳ್ಳೆಯವ್ರು, ಉಳಿದವರೆಲ್ಲಾ ಕೆಟ್ಟವ್ರು. ಇದನ್ನ ಆ ಡ್ರೈವರ್ ಹೇಳಿದ್ರ ಕತಿ ಬ್ಯಾರೆನ ಇರತೈತಿ. ಇದಕ ದೃಷ್ಟಿಕೋನ ಅಂತಾರ."

"ಡ್ರೈವರನ ದೃಷ್ಟಿಕೋನ ಬೇಕಿದ್ರ ಅವನ್ನ ಮದುವಿ ಆಗಬೇಕಿತ್ತು!"

"ನಂಬಲಾಗದ ನಿರೂಪಕ," ಎಂದಳು ಮಗಳು ಅಂಜನಾ, ಮೊಬೈಲಿನಿಂದ ತಲೆ ಎತ್ತದೆ. ಕಾಲೇಜಿಗೆ ಹೋಗುವ ಈ ಹುಡುಗಿ ಮನೆಯ ಜಗಳಗಳಲ್ಲಿ ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ; ತಾಯಿಯ ಮಾತನ್ನು ಅನುಮೋದಿಸುತ್ತಿದ್ದಳು, ಅಷ್ಟೆ.

ಸೆಮಿನಾರಿನ ವಾರ ಶಶಿರೇಖಾ ತವರಿನಲ್ಲಿ ಕೂಸಿಗೆ ಹೆಸರಿಡುವ ಕಾರ್ಯವಿದೆಯೆಂದು ಗುರುವಾರ ಕುರುಗೋಡಿಗೆ ಹೋದಳು. ಶುಕ್ರವಾರ ಸಂಜೆ ಬರುವವಳು. ಗುರುವಾರ ಮಧ್ಯಾಹ್ನ ಮಜ್ಜಿಗೆ ಹುಡುಕುತ್ತ ಫ್ರಿಜ್ಜಿನ ಮುಂದೆ ನಿಂತ ಜಂಬುನಾಥನ ಕಣ್ಣಿಗೆ ಬಾಗಿಲಿಗೆ ಅಂಟಿಸಿದ್ದ ಎರಡು ಚೀಟಿಗಳು ಬಿದ್ದವು.

'ಚಪ್ಪಟೆ ಪಾತ್ರ: ಕತೆ ಎಲ್ಲಿಂದ ಎಲ್ಲಿಗೆ ಹೋದರೂ ತಾನು ಬದಲಾಗದ ಪಾತ್ರ. ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾನೆಂದು ಓದುಗರಿಗೆ ಗೊತ್ತಿರುತ್ತದೆ. ಉದಾ: ಜಂ.'

'ದುಂಡು ಪಾತ್ರ: ಕತೆಯ ಜೊತೆ ಬೆಳೆಯುವ, ನಮ್ಮನ್ನು ಅಚ್ಚರಿಗೊಳಿಸುವ ಪಾತ್ರ. ಉದಾ: ದೊ. ಬ.'

"ಅಂಜೂ, ಈ ದೊ. ಬ. ಯಾರು?"

"ದೊಡ್ಡಬಸವರಾಜ ಕಾಕಾ."

ಸಿರುಗುಪ್ಪದ ಮಿಲ್ ಮಾಲೀಕ ದೊಡ್ಡಬಸವರಾಜ ಜಂಬುನಾಥನ ಮೂವತ್ತು ವರ್ಷದ ಗೆಳೆಯ. ಜಂಬುನಾಥನಿಗೆ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. "ಅವ ಹೆಂಗ ದುಂಡು?"

"ಐವತ್ತೈದಕ್ಕ ಈಜು ಕಲ್ತಾರಂತ. ಗುಟ್ಕಾ ಬಿಟ್ಟಾರಂತ. ಕಾಕು ಸ್ಕೂಟಿ ಹೊಡದ್ರ ಹಿಂದ ಕುಂತು ಪ್ಯಾಟಿಗೆ ಬರ್ತಾರಂತ. ಮುಂದಿನ ಅಧ್ಯಾಯದಾಗ ಏನು ಮಾಡ್ತಾರ ಯಾರಿಗೂ ಗೊತ್ತಾಗಂಗಿಲ್ಲ ಅಂತಾಳ ಅಮ್ಮ."

"ಹೌದಾ? ಮತ್ತ ಈ ಜಂ. ಯಾರು?"

"ಯಾರೋ ಏನೋಪಾ." ಅಂಜನಾ ತುಸು ತಡೆದು ಕೇಳಿದಳು. "ನೀವು ಈಗ, ಫ್ರಿಜ್ ಬಾಗಲಾ ತಕ್ಕೊಂಡು ನಿಂತ್ರ ತಂಪೆಲ್ಲಾ ಹೋಗತೈತಿ, ಈ ಮನ್ಯಾಗ ಯಾರಿಗೂ ಜವಾಬ್ದಾರಿ ಇಲ್ಲ ಅಂತೀರೇನು?"

ಅಕ್ಷರಶಃ ಅದನ್ನೇ ಹೇಳಲು ತೆರೆದಿದ್ದ ಬಾಯನ್ನು ಜಂಬುನಾಥ ಮುಚ್ಚಿದ. ಬಾಗಿಲು ತೆಗೆದು ನಿಂತವನು ತಾನೇ ಎಂಬುದು ಆಮೇಲೆ ಹೊಳೆಯಿತು.

ಆ ಕ್ಷಣವೇ ಒಂದು ಮಹಾಸಂಕಲ್ಪ ಹುಟ್ಟಿತು. ಈ ಕಾದಂಬರಿ ಎಂಬುದನ್ನು ತಾನೇ ಓದಿ, ಅದರಲ್ಲಿ ಏನೂ ಇಲ್ಲವೆಂದು ಸಾಬೀತು ಮಾಡಿ, ಹನ್ನೆರಡು ಪದಗಳನ್ನೂ ಹೆಂಡತಿಗೆ ಬಿಡಿಸಿ ಹೇಳಿಬಿಡುವುದು. ಎರಡು ತಿಂಗಳು ಓದುವಂಥದ್ದು ಏನಿರುತ್ತದೆ? ಫ್ರಿಜ್ಜಿನ ಮೇಲೆ ಪೇಪರಿನ ಹೊದಿಕೆ ಹಾಕಿಸಿಕೊಂಡು ಮಲಗಿದ್ದ ಮುನ್ನೂರ ನಲವತ್ತು ಪುಟದ ಆ ಪಠ್ಯವನ್ನು ಚೀಲಕ್ಕೆ ಹಾಕಿಕೊಂಡು ಶುಕ್ರವಾರ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದ.

ಪುಟಗಳ ಅಂಚಿನಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿದ್ದವು. ಅದರ ಕಡೆ ಅವನು ನೋಡಲಿಲ್ಲ. ಕಾಳು ನೋಡುವವನಿಗೆ ಚೀಲದ ಮೇಲಿನ ಗೀಚು ಏಕೆ?

ಮೇಲೊಮ್ಮೆ ಚುಚ್ಚಿದ. ಒಂಬತ್ತನೇ ಪುಟ. ಬಳೆಗಾರ ವೀರಭದ್ರ ಜ್ವರದಿಂದ ತೀರಿಕೊಂಡಿದ್ದ. ಹೆಂಡತಿ ಬಳೆಯ ಗೂಡೆಯ ಮುಂದೆ ಕೂತಿದ್ದಳು. ಪಾಪ ಅನ್ನಿಸಿತು. ಒಳ್ಳೆಯ ಕಾಳು. ನಡುವೊಮ್ಮೆ ಚುಚ್ಚಿದ. ನೂರ ಅರವತ್ತೆಂಟನೇ ಪುಟ. ಅಲ್ಲಿ ಅದೇ ಬಳೆಗಾರ ವೀರಭದ್ರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದ! ಅಷ್ಟೇ ಅಲ್ಲ, ಖಾರ ಕಡಿಮೆಯಾಯಿತೆಂದು ತಕರಾರು ತೆಗೆದಿದ್ದ. ಜಂಬುನಾಥ ಒಂಬತ್ತಕ್ಕೆ ಹೋಗಿ ನೋಡಿದ. ಸತ್ತಿದ್ದ. ನೂರ ಅರವತ್ತೆಂಟಕ್ಕೆ ಬಂದ. ತಿನ್ನುತ್ತಿದ್ದ. ತಳಕ್ಕೆ ಚುಚ್ಚಿದ. ಕೊನೆಯ ಪುಟದಲ್ಲಿ ವೀರಭದ್ರ ನಾಲ್ಕು ವರ್ಷದ ಕೂಸಾಗಿ ಬಲೂನಿಗೆ ಅಳುತ್ತಿದ್ದ.

ಬಸ್ಸು ತೆಕ್ಕಲಕೋಟೆ ದಾಟುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು. ಕಲಬೆರಕೆ.

ಮಿಲ್ಲಿನಲ್ಲಿ ದೊಡ್ಡಬಸವರಾಜನ ಮುಂದೆ ಮೂರೂ ಪುಟ ಬಿಚ್ಚಿಟ್ಟ. ದೊಡ್ಡಬಸವರಾಜ (ಮೈಯಿಂದಲೂ ದುಂಡಾಗಿದ್ದದ್ದು ಈ ದಿನ ವಿಶೇಷವಾಗಿ ಕಣ್ಣಿಗೆ ಹೊಡೆಯಿತು) ಓದಿ, ತಲೆ ಕೆರೆದುಕೊಂಡು, "ನಡುವ ಏನಾರ ಆಗಿರಬೇಕೋ ಜಂಬಣ್ಣ. ಒಂದ್ಸಲ ಪೂರ್ತಿ ಓದಿ ನೋಡು," ಎಂದ.

"ಒಂದು ಚೀಲ ಪಾಸ್ ಮಾಡಾಕ ಇಡೀ ಚೀಲ ಅನ್ನಾ ಮಾಡ್ಕೊಂಡು ತಿಂತೀ ಏನು ನೀನು?"

"ಅಕ್ಕಿ ಬ್ಯಾರೆ, ಪುಸ್ತಕ ಬ್ಯಾರೆ ಅಲ್ಲೇನೋ?"

"ಮಾಲು ಮಾಲೇ. ನಿನ್ನ ಮಿಲ್ಲಿನಾಗ ಎರಡು ಲಾಟ್ ಕಲಸಿದ್ರ ಏನಾಗತೈತಿ, ಅದ ಆಗೈತಿ. ಯಾವ್ದೋ ಬ್ಯಾರೆ ಪುಸ್ತಕದ ಹಾಳಿ ತಂದು ಇದರಾಗ ಹೊಲದಾರ. ಪಾಪ, ನಮ್ಮ ಶಶೀ ಎರಡು ತಿಂಗಳಿಂದ ಕೆಟ್ಟ ಮಾಲು ಓದಾಕತ್ಯಾಳ. ಅದಕ ಆಕಿ ತಲಿ ಹಿಂಗ ಆಗೈತಿ!"

ಈಗ ಅವನ ಸಿಟ್ಟೆಲ್ಲ ಕರಗಿ ಹೆಂಡತಿಯ ಮೇಲೆ ಅಂತಃಕರಣ ಉಕ್ಕಿತು. ವ್ಯಾಪಾರದಲ್ಲಿ ಒಂದು ಕಟ್ಟಳೆಯಿದೆ: ಮಾಲು ಕೆಟ್ಟದ್ದೆಂದು ತಿಳಿದ ದಿನವೇ ವಾಪಸ್ ಹೋಗಬೇಕು, ಒಂದು ರಾತ್ರಿ ನಿಮ್ಮ ಗೋದಾಮಿನಲ್ಲಿ ಮಲಗಿತೆಂದರೆ ಅದು ನಿಮ್ಮದೇ. ಜಂಬುನಾಥ ಊಟಕ್ಕೂ ನಿಲ್ಲದೆ ಬಳ್ಳಾರಿಗೆ ಬಂದು, ಸೀದಾ ಶಶಿರೇಖಾ ಅದನ್ನು ಕೊಂಡಿದ್ದ ಪುಸ್ತಕದಂಗಡಿಯ ಜಡೆಪ್ಪನ ಎದುರು ನಿಂತ.

ಜಡೆಪ್ಪ ಸಮಾಧಾನದ ಮನುಷ್ಯ. "ಅದು ಹಿನ್ನೋಟ ಇರಬೇಕ್ರಿ ಜಂಬಣ್ಣಾರ. ಕಾದಂಬರಿಯೊಳಗ ಹಂಗ ಮಾಡ್ತಾರ."

"ಮಾಡಿದ್ರ ಮ್ಯಾಲೆ ಬರೀಬೇಕಪಾ! 'ಇಲ್ಲಿಂದ ಹಿಂದಿನ ಮಾಲು' ಅಂತ ಒಂದು ಚೀಟಿ ಹಚ್ಚಾಕ ಏನಾಗಿತ್ತು? ಗಿರಾಕಿಗೆ ಗೊತ್ತಾಗಬ್ಯಾಡೇನು?"

"ಮತ್ತ ಇದರಾಗ ಯಾರೋ ಪೆನ್ಸಿಲ್ಲಿಂದ ತುಂಬ ಬರದಾರಲ್ರೀ..."

"ಪೆನ್ಸಿಲ್ ಅಂದ್ರ ಧೂಳು ಇದ್ದಂಗ. ಬ್ಯಾಡಾದ್ರ ಒರಸ್ಕೋ."

ಜಡೆಪ್ಪನ ಮನೆಗೆ ಹದಿನೆಂಟು ವರ್ಷದಿಂದ ಅಕ್ಕಿ ಹಾಕುತ್ತಿದ್ದವನು ಜಂಬುನಾಥನೇ; ಒಮ್ಮೆಯೂ ಕಲ್ಲು ಬಂದಿರಲಿಲ್ಲ. ಅಂಥವನಿಗೆ ಇಲ್ಲ ಎನ್ನುವುದು ಹೇಗೆ? ಜಡೆಪ್ಪ ಅದೇ ಕಾದಂಬರಿಯ ಹೊಸ ಪ್ರತಿ ತೆಗೆದುಕೊಟ್ಟ. ಜಂಬುನಾಥ ಅಲ್ಲೇ ನಿಂತು ಮೂರು ಕಡೆ ಚುಚ್ಚಿದ. ಒಂಬತ್ತರಲ್ಲಿ ಸತ್ತ, ನೂರ ಅರವತ್ತೆಂಟರಲ್ಲಿ ತಿಂದ, ಕೊನೆಯಲ್ಲಿ ಅತ್ತ. "ಇಡೀ ಲಾಟ್ ಕೆಟ್ಟೈತಿ ಜಡೆಪ್ಪಾ," ಎಂದು ಸಂತಾಪ ಸೂಚಿಸಿ, ಕಪಾಟಿನಿಂದ ತಾನೇ ಬೇರೊಂದು ಕಾದಂಬರಿ ಆರಿಸಿದ. ಆರುನೂರ ಹನ್ನೆರಡು ಪುಟ. ಕೈಯಲ್ಲಿ ತೂಗಿ ನೋಡಿದ. ಒಳ್ಳೆ ಅಡಕವಾದ ಮಾಲು. ಮೇಲೆ, ನಡುವೆ, ತಳದಲ್ಲಿ, ಎಲ್ಲ ಕಡೆಯೂ ಜನ ಜೀವಂತವಾಗಿದ್ದರು.

ಆ ಸಂಜೆ ಕುರುಗೋಡಿನಿಂದ ಬಂದ ಶಶಿರೇಖಾ ಕಾಲು ತೊಳೆದು ಫ್ರಿಜ್ಜಿನ ಮೇಲೆ ಕೈಯಾಡಿಸಿದಳು. ಕೈಗೆ ಭಾರವಾದದ್ದೇನೋ ಸಿಕ್ಕಿತು.

"ರೀ, ಇದೇನಿದು? ನನ್ನ ಪುಸ್ತಕ ಎಲ್ಲಿ?"

ಜಂಬುನಾಥ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಯುದ್ಧ ಗೆದ್ದು ಬಂದವನಂತೆ ಎಲ್ಲವನ್ನೂ ಹೇಳಿದ. ಸತ್ತವನು ಮಿರ್ಚಿ ತಿಂದದ್ದು ಹೇಳಿದ. ಜಡೆಪ್ಪ ವಾದ ಮಾಡಲಾಗದೆ ಸೋತದ್ದು ಹೇಳಿದ. ಬದಲಿಗೆ ಹೆಚ್ಚುಕಡಿಮೆ ಎರಡು ಪಟ್ಟು ಪುಟ ತಂದದ್ದನ್ನು ಎರಡು ಸಲ ಹೇಳಿದ.

ಶಶಿರೇಖಾ ಕೂಗಲಿಲ್ಲ. ಸೋಫಾದ ಅಂಚಿಗೆ ಕೂತಳು.

"ಅದರಾಗ ನಾ ಬರದಿದ್ದೆ."

"ಆ ಪೆನ್ಸಿಲ್ಲಾ? ಅದು ಒರಸಿದ್ರ ಹೋಗತೈತಿ ಅಂತ ನಾನ ಹೇಳಿ ಬಂದೀನಿ."

"ಎರಡು ತಿಂಗಳು ಬರದಿದ್ದೆ. ಹನ್ನೆರಡಕ್ಕ ಹನ್ನೆರಡೂ. ಬ್ಯಾರೆ ನೋಟ್ಸ್ ಇಲ್ಲ ನಂದು. ಅದ ನನ್ನ ನೋಟ್ಸು."

ಜಂಬುನಾಥ ಕುರ್ಚಿಯಲ್ಲಿ ಮುಂದಕ್ಕೆ ಸರಿದ. "ಹಂಗಾರ ಊರಿಗೆ ಹೋಗೋ ಮುಂದ ಒಂದು ಮಾತು ಹೇಳಬೇಕಿತ್ತು ನೀನು," ಎಂದ. ಹೇಳಿದ ಮೇಲೆ ಅದು ಸರಿಯಾದ ಮಾತಲ್ಲವೆಂದು ಅಂಜನಾಳ ಮುಖ ನೋಡಿ ತಿಳಿಯಿತು.

ಶನಿವಾರ ಅಂಗಡಿ ತೆರೆಯುವ ಮೊದಲೇ ತಾಯಿ ಮಗಳು ಜಡೆಪ್ಪನ ಬಾಗಿಲಲ್ಲಿದ್ದರು. ಪುಸ್ತಕ ಶುಕ್ರವಾರ ಸಂಜೆಯೇ ಹೋಗಿಬಿಟ್ಟಿತ್ತು. ಖಾಕಿ ಅಂಗಿಯ ಯಾರೋ ಒಬ್ಬರು ಅವಸರದಲ್ಲಿ ಬಂದು, ಹೊಸದು ಬೇಡ ಆ ಪೆನ್ಸಿಲ್ಲಿನದ್ದೇ ಇರಲಿ ಎಂದು, ಮುಖ ಅರಳಿಸಿಕೊಂಡು ಒಯ್ದರಂತೆ. ಶಶಿರೇಖಾ ಜಂಬುನಾಥ ತಿರಸ್ಕರಿಸಿದ ಆ ಹೊಸ ಪ್ರತಿಯನ್ನು ಕೊಂಡು ಮನೆಗೆ ಬಂದು, ನೆನಪಿನಿಂದ ಒಂದೊಂದೇ ಪದವನ್ನು ಹಾಳೆಗೆ ಇಳಿಸತೊಡಗಿದಳು.

"ನಾ ಏನಾರ ಮಾಡಲಿ?" ಎಂದು ಜಂಬುನಾಥ ಬಾಗಿಲಲ್ಲಿ ಇಣುಕಿದ.

"ನೀವು ಏನೂ ಮಾಡಬ್ಯಾಡ್ರಿ. ಅಷ್ಟು ಉಪಕಾರ ಮಾಡ್ರಿ."

ಆ ದಿನ ಅವನು ಟಿವಿ ಹಚ್ಚಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲವೆಂಬುದು ಅವನಿಗೆ ಇನ್ನೊಂದು ದುಃಖವಾಯಿತು.

ಭಾನುವಾರ ಹತ್ತಕ್ಕೆ ಹೆಂಡತಿಯನ್ನು ಸ್ಕೂಟರಿನಲ್ಲಿ ತರಗತಿಗೆ ತಂದು ಬಿಟ್ಟ. ಹೊರಗೆ ಬಳ್ಳಾರಿಯ ಬಿಸಿಲು ನೆತ್ತಿ ಸುಲಿಯುತ್ತಿತ್ತು, ಒಳಗೆ ಫ್ಯಾನಿತ್ತು. ಕೊನೆಯ ಬೆಂಚಿನ ಮೂಲೆಯಲ್ಲಿ, ಯಾರ ಕಡೆಯವನೂ ಅಲ್ಲದವನಂತೆ ಕೂತ. ತರಗತಿಯಲ್ಲಿ ಶಶಿರೇಖಾಳನ್ನು ಬಿಟ್ಟು ಹದಿನಾಲ್ಕು ಜನ. ನಂದಿನಿ ಮೇಡಂ ವಯಸ್ಸಿನಲ್ಲಿ ಶಶಿರೇಖಾಳಿಗಿಂತ ಹದಿನೈದು ವರ್ಷ ಚಿಕ್ಕವರು, ಗಾಂಭೀರ್ಯದಲ್ಲಿ ಮೂವತ್ತು ವರ್ಷ ದೊಡ್ಡವರು.

"ಮೊದಲು ಕರಿಬಸವ ಅವರು. ಆಮೇಲೆ ಶಶಿರೇಖಾ ಅವರು. ವಿಷಯ ಇಬ್ಬರಿಗೂ ಒಂದೇ. ಹೇಗೆ ಬೇರೆ ಬೇರೆ ಯೋಚಿಸಿದ್ದೀರಿ, ನೋಡೋಣ."

ಎದ್ದು ನಿಂತವನು ಕುರುಗೋಡು ಬಸ್ಸಿನ ಕಂಡಕ್ಟರ್. ಬಡ್ತಿಗೆ ಡಿಗ್ರಿ ಬೇಕೆಂದು ಓದುತ್ತಿದ್ದ. ಮೈಮೇಲೆ ಖಾಕಿ ಅಂಗಿ. ಕೈಯಲ್ಲಿ ಪೇಪರಿನ ಹೊದಿಕೆ ಹಾಕಿದ ಪುಸ್ತಕ.

ಜಂಬುನಾಥನಿಗೆ ಫ್ಯಾನಿನ ಕೆಳಗೂ ಬೆವರು ಕಿತ್ತುಕೊಂಡಿತು.

ಕರಿಬಸವ ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಗಂಟಲಿನಲ್ಲಿ ಶುರುಮಾಡಿದ. "ಒಂದನೇ ಪದ, ಸಂಘರ್ಷ. ಎರಡು ಇಚ್ಛೆಗಳು ಎದುರಾಬದುರಾಗಿ ನಿಲ್ಲುವುದು. ಉದಾಹರಣೆಗೆ, ಜಂ. ಟಿವಿಯಲ್ಲಿ ಸುದ್ದಿ ಹಚ್ಚುತ್ತಾನೆ. ಪಕ್ಕದ ಕೋಣೆಯಲ್ಲಿ ಒಬ್ಬರು ಓದುತ್ತಿದ್ದಾರೆಂದು ಗೊತ್ತಿದ್ದರೂ ಸದ್ದು ಇಳಿಸುವುದಿಲ್ಲ."

ಯಾರೋ ಕಿಸಕ್ಕೆಂದರು.

"ಎರಡನೇ ಪದ, ಸಂಕೇತ. ಚಿಕ್ಕ ವಸ್ತುವಿನಿಂದ ದೊಡ್ಡ ಸಂಗತಿ ಹೇಳುವುದು. ಉದಾಹರಣೆಗೆ, ಮಂಚದ ಮೇಲೆ ಜಂ. ಬಿಸಾಕಿದ ಒದ್ದೆ ಟವೆಲ್ಲು. ಅದು ಬರೀ ಟವೆಲ್ಲಲ್ಲ; ಇಪ್ಪತ್ತನಾಲ್ಕು ವರ್ಷ." ಕರಿಬಸವ ಪುಟ ತಿರುಗಿಸಿದ. "ಮೂರನೇ ಪದ, ವ್ಯಂಗ್ಯ. ಪಾತ್ರಕ್ಕೆ ತಿಳಿಯದ್ದು ಓದುಗರಿಗೆಲ್ಲ ತಿಳಿದಿರುವುದು. ಉದಾಹರಣೆಗೆ, ಈ ಮನೆಯ ಯಜಮಾನ ತಾನೇ ಎಂದು ಜಂ. ತಿಳಿದಿದ್ದಾನೆ."

ತರಗತಿ ಬಿದ್ದು ಬಿದ್ದು ನಕ್ಕಿತು. ಮುಂದಿನ ಬೆಂಚಿನ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಕೈ ತಟ್ಟಿದರು. ಸುಮ್ಮನೆ ಕೂತರೆ ಅನುಮಾನ ಬಂದೀತೆಂದು ಜಂಬುನಾಥನೂ ನಕ್ಕ. ಉಳಿದವರು ನಿಲ್ಲಿಸಿದ ಮೇಲೂ ತುಸು ಹೊತ್ತು ಅವನ ನಗು ಒಂಟಿಯಾಗಿ ಕೇಳಿಸಿತು. ಶಶಿರೇಖಾ ತಿರುಗಿ ನೋಡಲಿಲ್ಲ. ಅವಳ ಕಿವಿ ಮಾತ್ರ ಕೆಂಪಗಾಗಿತ್ತು.

"ಒಂದು ನಿಮಿಷ," ಎಂದರು ನಂದಿನಿ ಮೇಡಂ. "ಈ ಜಂ. ಯಾರು? ನಾನು ಏಳು ವರ್ಷದಿಂದ ಈ ಕಾದಂಬರಿ ಪಾಠ ಮಾಡ್ತಿದ್ದೇನೆ."

"ಮೇಡಂ, ಅವ ಸೀದಾ ಕತಿಯೊಳಗ ಬರಂಗಿಲ್ರಿ. ಅಂಚಿನಾಗ ಅಡ್ಡಾಡತಾನ. ಪೂರ್ತಿ ಹೆಸರೂ ಕೊಟ್ಟಿಲ್ಲ. ಇದು ಆಧುನಿಕ ತಂತ್ರ ಇರಬೇಕು ಅಂತ ನನ್ನ ಅನಿಸಿಕಿ."

"ಕೂತ್ಕೊಳ್ಳಿ. ಶಶಿರೇಖಾ ಅವರೇ, ಬನ್ನಿ."

ಶಶಿರೇಖಾ ಎದ್ದಳು. ಸೆರಗು ಸರಿಮಾಡಿಕೊಂಡು, "ಸಂಘರ್ಷ ಎಂದರೆ ಎರಡು ಇಚ್ಛೆಗಳು ಎದುರಾಬದುರಾಗಿ ನಿಲ್ಲುವುದು..." ಎಂದಳು. ಅಲ್ಲಿಗೇ ತಡೆದಳು. ಮಾತು ತನ್ನದೇ, ಆದರೆ ಈಗಷ್ಟೇ ಇನ್ನೊಬ್ಬನ ಬಾಯಿಂದ ಬಂದು ಹೋಗಿತ್ತು.

"ಅಕ್ಷರಕ್ಕೆ ಅಕ್ಷರ ಅದೇ," ಎಂದರು ಮೇಡಂ. "ಯಾರದ್ದನ್ನು ಯಾರು ನೋಡಿ ಬರೆದಿರಿ?"

"ನಾ ಯಾರದ್ದೂ ನೋಡಿಲ್ರಿ. ನನ್ನ ಪುಸ್ತಕದಾಗ ಐತಿ," ಎಂದು ಕರಿಬಸವ ತೆರೆದು ತೋರಿಸಿದ.

"ಆ ಅಕ್ಷರ ನಂದು ಮೇಡಂ," ಎಂದಳು ಶಶಿರೇಖಾ.

ಮೇಡಂ ಅವಳ ಹಾಳೆಯನ್ನೂ ಆ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ನಿಮ್ಮದೇ. ಅಂದರೆ ನೀವೇ ಬರೆದು ಇವರಿಗೆ ಕೊಟ್ಟಿದ್ದೀರಿ. ಹಂಚಿಕೊಂಡು ಬರೆದರೆ ಇಬ್ಬರಿಗೂ ಸೊನ್ನೆ, ಗೊತ್ತಲ್ಲ?"

"ನಾ ಕೊಟ್ಟಿಲ್ರಿ. ನಮ್ಮನಿಯವ್ರು ಅಂಗಡಿಗೆ ವಾಪಸ್ ಕೊಟ್ರು. ಅಲ್ಲಿಂದ ಇವ್ರು ತಂದಾರ."

"ಯಾಕೆ ವಾಪಸ್ ಕೊಟ್ಟರು?"

ಶಶಿರೇಖಾ ಒಂದು ಕ್ಷಣ ನೆಲ ನೋಡಿದಳು. "ಮೂರು ಕಡೆ ತೆಗೆದು ನೋಡಿದ್ರಿ. ಸತ್ತವ ನಡುವ ತಿಂಡಿ ತಿಂತಾನ, ಪುಸ್ತಕ ಕೆಟ್ಟೈತಿ ಅಂತ..."

ಮತ್ತೆ ನಗು. ಮೇಡಂ ನಗಲಿಲ್ಲ. "ಶಶಿರೇಖಾ ಅವರೇ, ಎರಡು ತಿಂಗಳು ಹೆಂಡತಿ ಬರೆದಿಟ್ಟ ಪುಸ್ತಕವನ್ನು, ಕೇಳದೆ, ಓದದೆ, ಅಂಗಡಿಗೆ ವಾಪಸ್ ಕೊಡೋ ಗಂಡ ಎಲ್ಲಾದರೂ ಇರ್ತಾನಾ? ಕಾದಂಬರಿಯಲ್ಲಿ ಬರೆದರೂ ಯಾರೂ ನಂಬಲ್ಲ. ಸೊನ್ನೆ ಹಾಕ್ತಿದ್ದೇನೆ."

ಮೇಡಂ ಪೆನ್ನು ತೆರೆದರು. ಆ ಸೊನ್ನೆ ಬಿದ್ದರೆ ಪರೀಕ್ಷೆ ಹೋಯಿತು, ವರ್ಷ ಹೋಯಿತು, ಮತ್ತೆ ಅವಳು ಬರುವುದಿಲ್ಲ. ಅದು ಜಂಬುನಾಥನಿಗೂ ಗೊತ್ತಿತ್ತು. ಇನ್ನೊಂದು ಸಂಗತಿಯೂ ಗೊತ್ತಿತ್ತು: ಈ ಕೋಣೆಯಲ್ಲಿ ಜಂ. ಯಾರೆಂದು ತಿಳಿದವರು ಇಬ್ಬರೇ. ಬಾಯಿ ಬಿಟ್ಟರೆ ನಾಳೆ ಬೆಳಿಗ್ಗೆ ಆರೂವರೆಯ ಮೊದಲ ಟ್ರಿಪ್ಪಿನಿಂದಲೇ ಈ ಕಂಡಕ್ಟರ್ ಈ ಕತೆಯನ್ನು ಕೊಳಗಲ್ಲಿನಲ್ಲಿ ಒಂದಿಷ್ಟು, ಕುರುಗೋಡಿನ ಸ್ಟ್ಯಾಂಡಿನಲ್ಲಿ ಒಂದಿಷ್ಟು ಇಳಿಸುತ್ತಾನೆ. ಕುರುಗೋಡು ಅಂದರೆ ಅತ್ತೆಮನೆ. ಶಶಿರೇಖಾ ತಿರುಗಿ ನೋಡಿ ಒಂದು ಸನ್ನೆ ಮಾಡಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವಳು ನೋಡಲೇ ಇಲ್ಲ. ಅವನು ಏಳುತ್ತಾನೆಂಬ ನಿರೀಕ್ಷೆಯೇ ಅವಳ ಬೆನ್ನಿನಲ್ಲಿರಲಿಲ್ಲ.

"ಅದಾನ್ರಿ ಮೇಡಂ," ಎಂದು ಜಂಬುನಾಥ ಎದ್ದು ನಿಂತ. "ಅಂಥಾ ಗಂಡ ಅದಾನ. ನಾನ."

ಹದಿನಾಲ್ಕು ತಲೆಗಳು ತಿರುಗಿದವು. ಹದಿನೈದನೆಯದು ಎಲ್ಲಕ್ಕಿಂತ ನಿಧಾನವಾಗಿ ತಿರುಗಿತು. ಅದು ಅವಳದು.

"ನೀವು ಯಾರು?"

"ಜಂ. ರೀ."

ಗದ್ದಲ ನಿಲ್ಲಲು ಎರಡು ನಿಮಿಷ ಬೇಕಾಯಿತು. ಮೇಡಂ ಮೇಜು ತಟ್ಟಿ, ಸಾಕ್ಷಿಯ ವಿಚಾರಣೆಗೆ ಇಳಿದರು.

"ಟಿವಿ ಸದ್ದು?"

"ಖರೆ ರೀ."

"ಒದ್ದೆ ಟವೆಲ್?"

"ಇವತ್ತೂ ಅಲ್ಲೇ ಐತ್ರಿ."

"ಯಜಮಾನ ಅಂತ..."

"ತಿಳ್ಕೊಂಡಿದ್ದೆ ರೀ. ಮೊನ್ನಿತನಕ."

"ಕಾದಂಬರಿ ಎಷ್ಟು ಪುಟ ಓದಿದ್ದಿರಿ?"

"ಮೂರು ರೀ. ಮ್ಯಾಲೆ ಒಂದು, ನಡುವ ಒಂದು, ತಳಕ್ಕ ಒಂದು. ಅಕ್ಕಿ ಹಂಗ ನೋಡ್ತೀವ್ರಿ ನಾವು." ಶಶಿರೇಖಾಳ ಕಡೆ ಕೈ ಮಾಡಿದ. "ಇದರಾಗ ಆಕಿ ತಪ್ಪೇನೂ ಇಲ್ರಿ. ಇವರದೂ ಇಲ್ಲ. ತಪ್ಪಾತ್ರಿ ಮೇಡಂ." ಕರಿಬಸವನ ಕಡೆ ತಿರುಗಿ, "ನಿಮಗೂ ತಪ್ಪಾತ್ರಿ," ಎಂದ.

"ನನಗೇನ್ರಿ ಸರ್," ಎಂದ ಕರಿಬಸವ ಭಕ್ತಿಯಿಂದ. "ಪುಸ್ತಕದಾಗ ಓದಿದ ಪಾತ್ರ ಖುದ್ದು ಎದ್ದು ಬಂದು ಮಾತಾಡಿದ್ದು ನಾ ಇವತ್ತ ನೋಡಿದ್ದು."

ನಂದಿನಿ ಮೇಡಂ ಪೆನ್ನು ಮುಚ್ಚಿದರು. ಮೊದಲ ಸಲ ಅವರ ತುಟಿ ಅಲುಗಿತು. "ಶಶಿರೇಖಾ ಅವರೇ, ಹಾಳೆ ಕೆಳಗಿಡಿ. ಅವರಿಗೆ ಅರ್ಥವಾಗದ ಆ ಒಂದು ಪದ ಇದೆಯಲ್ಲ, ಹಿನ್ನೋಟ. ಅದನ್ನು ವಿವರಿಸಿ. ಉದಾಹರಣೆ ಜಂ. ಬೇಡ."

ಶಶಿರೇಖಾ ಹಾಳೆ ಇಟ್ಟಳು. ಮಾತು ಬಂದಾಗ ಅದು ಪುಸ್ತಕದ ಕನ್ನಡವಾಗಿರಲಿಲ್ಲ.

"ಮೇಡಂ, ನಮ್ಮಪ್ಪ ಹೋಗಿ ಹನ್ನೊಂದು ವರ್ಷ ಆತು. ಮೊನ್ನೆ ಗುರುವಾರ ತವರಾಗ ಕೂಸಿಗೆ ಅವರ ಹೆಸರ ಇಟ್ಟರು. ಊಟಕ್ಕ ಕುಂತಾಗ ನಮ್ಮವ್ವ, 'ಅವರಿದ್ರ ಈ ಹೋಳಿಗಿಗೆ ತುಪ್ಪಾ ಸಾಲಲಿಲ್ಲ ಅಂತಿದ್ರು' ಅಂದ್ಳು. ಅಷ್ಟ. ಅಪ್ಪ ಬಂದು ಪಂಕ್ತಿಯೊಳಗ ಕುಂತುಬಿಟ್ರು. ಎಲ್ಲಾರೂ ನಕ್ಕೆವು. ಆಮ್ಯಾಲೆ ಅವ್ವ ಎದ್ದು ಒಳಗ ಹೋದಳು. ಬಳಿಗಾರ ವೀರಭದ್ರ ನಡುವ ಮಿರ್ಚಿ ತಿನ್ನೋದು ಅಚ್ಚಿನ ತಪ್ಪಲ್ಲ. ಅವನ ಹೆಂಡ್ತಿ ನೆನಸ್ಕೊಂಡಾಳ. ಸತ್ತವರು ಹಂಗ, ಕತಿಯ ನಡುವ ಯಾವಾಗರ ಬಂದು ಊಟಾ ಮಾಡ್ತಾರ. ಕಾದಂಬರಿ ಅದನ್ನ ಮಾಡಿದ್ರ ಹಿನ್ನೋಟ ಅಂತಾರ್ರಿ."

ಜಂಬುನಾಥ ಗುರುವಾರದ ಆ ಕಾರ್ಯ ಹೇಗಾಯಿತೆಂದು ಅವಳನ್ನು ಕೇಳಿರಲೇ ಇಲ್ಲ. ಕೂಸಿಗೆ ಮಾವನ ಹೆಸರಿಟ್ಟದ್ದು ಅವನಿಗೆ ತಿಳಿದದ್ದು ಈಗ, ಹದಿನಾಲ್ಕು ಜನ ಅಪರಿಚಿತರ ಜೊತೆಗೆ.

ಇಪ್ಪತ್ತಕ್ಕೆ ಹದಿನೆಂಟು ಬಂತು. ಕರಿಬಸವನಿಗೆ ಮುಂದಿನ ಭಾನುವಾರ ಸ್ವಂತ ಉದಾಹರಣೆಗಳೊಂದಿಗೆ ಮತ್ತೆ ಬರಲು ಹೇಳಿದರು. ಹೊರಗೆ ಅವನು ಪೆನ್ಸಿಲ್ಲಿನ ಪುಸ್ತಕ ಕೊಟ್ಟು ಅವಳ ಹೊಸ ಪ್ರತಿ ತೆಗೆದುಕೊಳ್ಳುತ್ತ, "ಅಕ್ಕಾರ, ನೀವು ಪುಣ್ಯಾ ಮಾಡೀರಿ. ಹನ್ನೆರಡಕ್ಕ ಹನ್ನೆರಡೂ ಉದಾಹರಣಿ ಒಬ್ಬರಾಗ ಸಿಗೋದು ಸುಲಭ ಅಲ್ಲ," ಎಂದು ನಮಸ್ಕಾರ ಮಾಡಿ ಹೋದ.

ಸ್ಕೂಟರು ಹೊರಟಿತು. ಜಂಬುನಾಥನ ಎದೆ ತುಸು ಉಬ್ಬಿತ್ತು. ಹಿಂದಿನಿಂದ ಯಾವುದಾದರೂ ಒಳ್ಳೆಯ ಮಾತು ಬರುತ್ತದೆಂದು ಕಾದ. ರಾಯಲ್ ಸರ್ಕಲ್ಲಿನ ಸಿಗ್ನಲ್ಲಿನ ತನಕವೂ ಬರಲಿಲ್ಲ. ತಾನೇ ಶುರುಮಾಡಿದ.

"ನೋಡಿದಿ? ಎಲ್ಲಾರ ಮುಂದ ಎದ್ದು ನಿಂತೆ."

"ನೋಡಿದೆ."

"ಮೇಡಂಗ ತಪ್ಪಾತು ಅಂದೆ."

"ಕೇಳಿದೆ."

"ಆ ಕಂಡಕ್ಟರ್‌ಗೂ ಅಂದೆ."

"ಅದನ್ನೂ ಕೇಳಿದೆ."

"ಹೊರಗ ಬರೋ ಮುಂದ ಜಡೆಪ್ಪಗೂ ಫೋನ್ ಹಚ್ಚಿ ಹೇಳೀನಿ. ಪಾಪ, ಅವನ ಇಡೀ ಲಾಟ್‌ಗೆ ಹೆಸರು ಕೆಡಿಸಿದ್ದೆ."

"ಚಲೋ ಮಾಡಿದ್ರಿ."

ಸಿಗ್ನಲ್ಲು ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು.

"ಮತ್ತ? ಇನ್ನ ಯಾಕ ಸುಮ್ಮನ ಅದಿ?"

"ಏನಿಲ್ಲ ಬಿಡ್ರಿ," ಎಂದಳು ಶಶಿರೇಖಾ, ಮಡಿಲಲ್ಲಿ ಪುಸ್ತಕ ಗಟ್ಟಿಯಾಗಿ ಹಿಡಿದು. "ಗಾಡಿ ಹೊಡೀರಿ."

ಸತ್ಯನಾರಾಯಣಪೇಟೆಯ ತಿರುವು ಬಂತು, ಓಣಿ ಬಂತು, ಮನೆ ಬಂತು. ಅವಳು ಇಳಿದು ಒಳಗೆ ಹೋದಳು. ಮೂವತ್ತು ವರ್ಷ ಮೋಸವಿಲ್ಲದೆ ವ್ಯಾಪಾರ ಮಾಡಿದ ಮನುಷ್ಯ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಬಿಸಿಲಲ್ಲೇ ನಿಂತು, ಬೆಳಗಿನಿಂದ ಯಾರು ಯಾರಿಗೆ ಏನೇನು ಹೇಳಿದೆನೆಂದು ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡ. ಆಗ ತಿಳಿಯಿತು.

ಜಂಬುನಾಥ ಶಶಿರೇಖಾಳಿಗೆ ಒಂದು 'ತಪ್ಪಾತು' ಇನ್ನೂ ಹೇಳಬೇಕಾಗಿದೆ.